ಕರಿ ಮೆಹಂದಿ ಹಚ್ಚಿದ ಕೂದಲಿಗೆ ಮನೆಯಲ್ಲಿ ಬ್ಲೀಚ್ ಹಾಕಬೇಡಿ

ಮನೆಯಲ್ಲೇ ಕೂದಲಿಗೆ ಬ್ಲೀಚ್ ಮಾಡಿ, ಅದರ ಮೇಲೆ ಛಾಯೆ ತಿದ್ದುವ ಟೋನರ್ ಹಾಕೋಣ ಅಂತ ಯಾರಾದರೂ ಸಾಮಾನು ತಂದಿಟ್ಟುಕೊಂಡಿದ್ದರೆ, ಡಬ್ಬಿ ತೆರೆಯುವ ಮೊದಲು ದಯವಿಟ್ಟು ಇದನ್ನು ಓದಿ. ಅದರಲ್ಲೂ ನೀವು ಇಷ್ಟು ದಿನ ಬಿಳಿ ಕೂದಲಿಗೆ ಪ್ಯಾಕೆಟ್ ಕರಿ ಮೆಹಂದಿ ಹಚ್ಚಿಕೊಂಡು ಬಂದವರಾದರೆ ಪೂರ್ತಿ ಓದಿ.

ನನಗೆ 28ಕ್ಕೇ ಕೂದಲು ಬೆಳ್ಳಗಾಗಲು ಶುರುವಾಯಿತು. ಅಮ್ಮ ಹಚ್ಚುತ್ತಿದ್ದ ಪ್ಯಾಕೆಟ್ಟೇ ನನಗೂ ಬಂತು. ಪುಡಿಯನ್ನು ನೀರಲ್ಲಿ ಕಲಸಿ, ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಕೂದಲು ಕಡುಗಪ್ಪು. ಆರು ವರ್ಷ ತಿಂಗಳಿಗೊಮ್ಮೆ ಹಚ್ಚಿದ್ದೇನೆ. ಮುಂದುಗಡೆ ಎಲೆಯ ಚಿತ್ರ ಇತ್ತು, ಹಿಂದೆ ಏನು ಬರೆದಿದೆ ಅಂತ ಒಂದು ಸಲವೂ ತಿರುಗಿಸಿ ನೋಡಲಿಲ್ಲ. ಮೆಹಂದಿ ಅಲ್ವಾ, ಸೊಪ್ಪು ತಾನೆ ಅಂದುಕೊಂಡಿದ್ದೆ.

ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆ ಇತ್ತು. ಕಪ್ಪು ಸಾಕಾಗಿತ್ತು, ಆಶ್ ಬ್ರೌನ್, ಅಂದರೆ ಬೂದು ಛಾಯೆಯ ಕಂದು, ಮಾಡಿಸಿಕೊಳ್ಳುವ ಆಸೆ. ಪಾರ್ಲರ್‌ನಲ್ಲಿ ಏಳು ಸಾವಿರ ಹೇಳಿದರು. ಆನ್‌ಲೈನ್‌ನಲ್ಲಿ ಬ್ಲೀಚ್ ಪುಡಿ, ಅದಕ್ಕೆ ಬೆರೆಸುವ ಡೆವಲಪರ್ (ಹೈಡ್ರೋಜನ್ ಪೆರಾಕ್ಸೈಡ್), ಟೋನರ್ ಎಲ್ಲಾ ಸೇರಿ ಸಾವಿರದ ಇನ್ನೂರಕ್ಕೆ ಸಿಕ್ಕಿತು. ಕಪ್ಪು ಕೂದಲಿಗೆ ಜೋರಾಗಿರುವುದೇ ಬೇಕು ಅಂತ ಡೆವಲಪರ್‌ನಲ್ಲಿ ಶೇ 12ರದ್ದನ್ನು ತರಿಸಿದೆ. ಅದರ ಕಡುತನವನ್ನು 40 ವಾಲ್ಯೂಮ್ ಅಂತಲೂ ಹೇಳುತ್ತಾರೆ. ಮನೆಯಲ್ಲಿ ಬಳಸುವ ವಸ್ತುವೇ ಅಲ್ಲ ಅಂತ ಆಮೇಲೆ ತಿಳಿಯಿತು.

ಮದುವೆಗೆ ಎಂಟು ದಿನ ಇರುವಾಗ, ಶನಿವಾರ ಮಧ್ಯಾಹ್ನ, ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಹಿಂಭಾಗಕ್ಕೆ ತಂಗಿ ಹಚ್ಚಿದಳು. ಹತ್ತು ನಿಮಿಷಕ್ಕೇ ನೆತ್ತಿ ಉರಿಯತೊಡಗಿತು. ಬ್ಲೀಚ್ ಅಂದಮೇಲೆ ಸ್ವಲ್ಪ ಉರಿ ಇದ್ದೇ ಇರುತ್ತದೆ ಅಂತ ತಡೆದುಕೊಂಡೆ. ದಯವಿಟ್ಟು ನೀವು ಹಾಗೆ ತಡೆದುಕೊಳ್ಳಬೇಡಿ. ಉರಿ ಜಾಸ್ತಿಯಾದರೆ ಆ ಕ್ಷಣವೇ ತೊಳೆಯಬೇಕು.

ತೊಳೆದು ಬಂದಾಗ ತಂಗಿ ಟವೆಲ್ ತೆಗೆದು ನೋಡಿ, "ಅಕ್ಕಾ, ಮೂರು ಬಣ್ಣ ಬಂದಿದೆ" ಅಂದಳು. ಬುಡದಲ್ಲಿ ಒಂದು ಬೆರಳಗಲ ನಿಂಬೆಹಣ್ಣಿನ ಹಳದಿ, ನಡುವೆ ಕಿತ್ತಳೆ, ತುದಿಯಲ್ಲಿ ಇಟ್ಟಿಗೆ ಕೆಂಪು. ಬುಡದಲ್ಲಿದ್ದದ್ದು ಹೊಸದಾಗಿ ಬೆಳೆದ, ಬಣ್ಣ ಸೋಕದ ಕೂದಲು. ಜೊತೆಗೆ ತಲೆಯ ಬಿಸಿಗೆ ಅಲ್ಲಿ ಬ್ಲೀಚ್ ಬೇಗ ಕೆಲಸ ಮಾಡುತ್ತದೆ. ಕೆಳಗೆ ಹೋದ ಹಾಗೆ ಆರು ವರ್ಷದ ಬಣ್ಣ ಪದರ ಪದರವಾಗಿ ಕೂತಿತ್ತು. ಅದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಟೋನರ್ ಎಲ್ಲಾ ಸರಿ ಮಾಡುತ್ತದೆ ಅಂತ ನಂಬಿದ್ದೆ. ಈ ತಪ್ಪು ತಿಳಿವಳಿಕೆ ತುಂಬಾ ಜನರಿಗಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಟೋನರ್ ಕಪ್ಪನ್ನು ತೆಗೆಯುವುದಿಲ್ಲ. ತಿಳಿಯಾದ ಕೂದಲ ಮೇಲೆ ತೆಳುವಾಗಿ ಇನ್ನೊಂದು ಬಣ್ಣ ಕೂರಿಸುತ್ತದೆ, ಅಷ್ಟೇ. ಹಳದಿಯನ್ನು ಅಡಗಿಸಲು ನೇರಳೆ ಬೇಕು, ಕಿತ್ತಳೆಯನ್ನು ಅಡಗಿಸಲು ನೀಲಿ ಬೇಕು. ನಾನು ತಂದಿದ್ದ ಆಶ್ ಟೋನರ್‌ನಲ್ಲಿ ನೀಲಿ ಇತ್ತು. ನೀಲಿ ಹಳದಿಯ ಮೇಲೆ ಕೂತರೆ ಏನಾಗುತ್ತದೆ? ಹಸಿರು. ಬೈತಲೆಯ ಎರಡೂ ಕಡೆ ತೊಟ್ಟಿಯ ಪಾಚಿಯ ಹಾಗೆ ಕಾಣುತ್ತಿತ್ತು. ತುದಿಯ ಇಟ್ಟಿಗೆ ಬಣ್ಣ ಮಾತ್ರ ಅಲ್ಲಾಡಲಿಲ್ಲ. ಇದೆಲ್ಲಾ ಸರಿಯಾಗಿಯೇ ಬಂದರೂ ಟೋನರ್ ಕೆಲವು ವಾರಗಳಲ್ಲಿ ತೊಳೆದು ಹೋಗುತ್ತದೆ. ನಮ್ಮ ಕಪ್ಪು ಕೂದಲಲ್ಲಿ ಅಡಿಯ ಕಿತ್ತಳೆ ಮತ್ತೆ ಮೇಲೆ ಬರುತ್ತದೆ.

ಗಾಬರಿಯಲ್ಲಿ ಅದೇ ಸಂಜೆ ತುದಿಗೆ ಮತ್ತೆ ಬ್ಲೀಚ್ ಹಾಕಿದೆ. ತೊಳೆಯುವಾಗ ಒಂದು ಎಳೆ ಹಿಡಿದು ಎಳೆದರೆ ಬೆಂದ ಶಾವಿಗೆಯ ಹಾಗೆ ಉದ್ದಕ್ಕೆ ಹಿಗ್ಗಿತು. ಆಮೇಲೆ ಸದ್ದಿಲ್ಲದೆ ತುಂಡಾಗಿ ಕೈಯಲ್ಲೇ ಉಳಿಯಿತು. ಬಚ್ಚಲಿನ ನೀರು ಹೋಗುವ ಜಾಲಿಯ ಮೇಲೆ ಗುಪ್ಪೆಗುಪ್ಪೆ ಕೂದಲು. ತಂಗಿ ಅಳುತ್ತಾ ಆರಿಸಿ ತೆಗೆಯುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ತಪ್ಪು ಭಾನುವಾರ ಬೆಳಗ್ಗೆ ಆಯಿತು. ಮುಚ್ಚಿಬಿಡೋಣ ಅಂತ ಅಂಗಡಿಯಿಂದ ಕಪ್ಪು ಡೈ ತರಿಸಿ, ಸುಟ್ಟು ಕೆಂಪಾಗಿದ್ದ ನೆತ್ತಿಯ ಮೇಲೇ ಹಚ್ಚಿದೆ. ಅಮೋನಿಯಾ ಇಲ್ಲ ಅಂತ ದೊಡ್ಡದಾಗಿ ಬರೆದಿತ್ತು, ಅಷ್ಟೇ ಸಾಕು ಅನಿಸಿತು. ಸೋಮವಾರ ಎದ್ದಾಗ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆಗಳು ಊದಿ ಒಂದಕ್ಕೊಂದು ಕೂಡಿಕೊಂಡಿದ್ದವು. ಹಣೆಯಂಚಿನಲ್ಲಿ ಸಾಲಾಗಿ ನೀರುಗುಳ್ಳೆ. ಕಿವಿಯ ಹಿಂದೆ ಕೀವಿನಂಥ ನೀರು ಒಸರಿ ದಿಂಬಿಗೆ ಅಂಟಿತ್ತು.

ಚರ್ಮದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮುಂಚೆ ಏನು ಹಚ್ಚುತ್ತಿದ್ರಿ?" ಪ್ಯಾಕೆಟ್ಟಿನ ಫೋಟೋ ತೋರಿಸಿದೆ. ಪಿಪಿಡಿ ಅಂತ ಸಣ್ಣಕ್ಷರದಲ್ಲಿದ್ದ ಹೆಸರನ್ನು ಅವರು ಬೆರಳಿಟ್ಟು ತೋರಿಸಿದರು. ಪೂರ್ತಿ ಹೆಸರು ಪ್ಯಾರಾ ಫಿನೈಲಿನ್ ಡೈಅಮೀನ್. ಬರೀ ಮದರಂಗಿ ಸೊಪ್ಪಿನಿಂದ ಕೆಂಪು ಬಣ್ಣ ಬರುತ್ತದೆಯೇ ಹೊರತು ಕಪ್ಪು ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಕಡುಗಪ್ಪಾಗಿಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ನಾನು ತಂದ ಡೈನಲ್ಲೂ ಇದೇ ಇತ್ತು. ಅಮೋನಿಯಾ ಇಲ್ಲ ಅಂದರೆ ಪಿಪಿಡಿ ಇಲ್ಲ ಅಂತ ಅರ್ಥ ಅಲ್ಲ. ಆರು ವರ್ಷ ಏನೂ ಆಗಿರಲಿಲ್ಲವಲ್ಲ ಅಂದೆ. ಇದು ಪಿಪಿಡಿ ಅಲರ್ಜಿ, ವರ್ಷಗಟ್ಟಲೆ ಹಚ್ಚಿದ ಮೇಲೂ ಬರಬಹುದು, ಬಂದಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ ಅಂದರು. ಆಗ ನೆನಪಾಯಿತು. ಅದಕ್ಕೂ ಮುಂಚೆ ಮೂರ್ನಾಲ್ಕು ತಿಂಗಳಿಂದ ಮೆಹಂದಿ ಹಚ್ಚಿದ ಮರುದಿನ ಕಿವಿಯ ಹಿಂದೆ ತುರಿಸುತ್ತಿತ್ತು. ಹೊಟ್ಟಿರಬೇಕು ಅಂತ ಸುಮ್ನೆ ಬಿಟ್ಟಿದ್ದೆ.

ಮದುವೆಗೆ ಹೋಗಲಿಲ್ಲ. ಮಾತ್ರೆ ತೆಗೆದುಕೊಂಡು ಊತ ಇಳಿಯಲು ಹತ್ತು ದಿನ ಬೇಕಾಯಿತು. ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಯಾವ ಬಣ್ಣವೇ ಆಗಲಿ, ಪ್ರತಿ ಸಲವೂ, ಅದೇ ಕಂಪನಿಯದ್ದಾದರೂ, ಸ್ವಲ್ಪ ಕಿವಿಯ ಹಿಂದೆ ಹಚ್ಚಿ 48 ಗಂಟೆ ಕಾಯಿರಿ. ಅಲರ್ಜಿ ಸಾಮಾನ್ಯವಾಗಿ ತಕ್ಷಣ ಕಾಣಿಸುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಆದರೆ ಮುಂಚೆ ಒಮ್ಮೆ ತುರಿಕೆ, ಊತ ಬಂದಿದ್ದರೆ ಮನೆಯಲ್ಲಿ ಪರೀಕ್ಷೆ ಮಾಡಲೂ ಹೋಗಬೇಡಿ, ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಬ್ಲೀಚ್ ಬೇಕೇ ಬೇಕು ಅಂದರೆ ಬಾಚಣಿಗೆಗೆ ಬಂದ ಉದುರು ಕೂದಲನ್ನು ಕೂಡಿಟ್ಟು, ಅದಕ್ಕೆ ಮೊದಲು ಹಾಕಿ ನೋಡಿ. ಕೆಲವು ಕರಿ ಮೆಹಂದಿ ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ, ಬ್ಲೀಚ್ ತಾಗಿದರೆ ಕೂದಲು ಬಿಸಿಯಾಗಿ ಹೊಗೆಯೂ ಬರಬಹುದು. ಗಾಯವಾದ, ಸುಟ್ಟ ನೆತ್ತಿಗೆ ಯಾವ ಬಣ್ಣವೂ ಬೇಡ. ಮುಖ ಊದಿ ಉಸಿರಾಟಕ್ಕೆ ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕೈಗೆ ಹಾಕುವ ಕಪ್ಪು ಮೆಹಂದಿ ಕೋನ್‌ನಲ್ಲೂ ಹೆಚ್ಚಾಗಿ ಇದೇ ಪಿಪಿಡಿ ಇರುತ್ತದೆ, ಮಕ್ಕಳ ಕೈಗೆ ಖಂಡಿತಾ ಹಾಕಿಸಬೇಡಿ.

ಅಮ್ಮ ಈಗಲೂ ಅದೇ ಪ್ಯಾಕೆಟ್ ತರಿಸುತ್ತಾರೆ. ಹೋದ ವಾರ ಅವರ ಕನ್ನಡಕ ತಂದುಕೊಟ್ಟು, ಹಿಂಬದಿಯನ್ನು ಅವರ ಕೈಲೇ ಓದಿಸಿದೆ. ನಿಧಾನಕ್ಕೆ ಅಕ್ಷರ ಕೂಡಿಸಿ ಓದಿದರು. ಆಮೇಲೆ ಕಿವಿಯ ಹಿಂದೆ ಕೈಯಾಡಿಸಿಕೊಂಡು, "ನಂಗೂ ಇಲ್ಲಿ ಆಗಾಗ ತುರಿಸತ್ತೆ ಕಣೇ" ಅಂದರು. ಗುರುವಾರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.