ಮುಲುಂಡ್‌ನ ಬೂರುಗ, ವಿಕ್ರೋಲಿಯ ಗುಲಾಬಿ, ಯೇವೂರಿನ ಮುತ್ತುಗ

ಫೆಬ್ರವರಿ ಬಂತೆಂದರೆ ಬೆಂಗಳೂರಿನ ನನ್ನ ತಂಗಿ ಗುಲಾಬಿ ಬಣ್ಣದ ಹೂವಿನ ಮರಗಳ ಫೋಟೊ ಕಳಿಸಲು ಶುರು ಮಾಡುತ್ತಾಳೆ. ಜಯನಗರದ್ದು ಒಂದು, ಕಬ್ಬನ್ ಪಾರ್ಕಿನದು ನಾಲ್ಕು. ಕೆಳಗೆ ಒಂದು ಸಾಲು: "ಅಕ್ಕಾ, ನಿಮ್ಮ ಮುಂಬೈಯಲ್ಲಿ ಬಿಲ್ಡಿಂಗ್ ಬಿಟ್ಟು ಬೇರೆ ಏನಾದ್ರೂ ಅರಳುತ್ತಾ?"

ಈ ಸಲ ಉತ್ತರ ಕೊಟ್ಟೇಬಿಡೋಣ ಅನ್ನಿಸಿತು. ಮುಲುಂಡ್‌ನಲ್ಲಿರುವ ನಮ್ಮ ಮನೆಯಿಂದ ಬೆಳಿಗ್ಗೆ ಹೋಗಿ ತಿಂಡಿಯ ಹೊತ್ತಿಗೆ ವಾಪಸ್ ಬರುವಷ್ಟು ದೂರದಲ್ಲಿ ಮೂರು ಮರಗಳನ್ನು ಆರಿಸಿಕೊಂಡೆ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹಿಂದಿನ ಬೂರುಗ, ವಿಕ್ರೋಲಿ ಹೈವೇ ಪಕ್ಕದ ಟಬೆಬುಯಾ ಅನ್ನುವ ಗುಲಾಬಿ ಹೂವಿನ ಮರ, ಥಾಣೆಯಾಚೆ ಯೇವೂರಿನ ಮುತ್ತುಗ. ಕೈಯಲ್ಲಿ ಮೂರು ವರ್ಷ ಹಳೆಯ ಫೋನು. ಜೊತೆಗೆ ನಮ್ಮ ಯಜಮಾನರ ಹಳೇ ಕ್ಯಾಮೆರಾ, ದೂರದ್ದನ್ನು ಹತ್ತಿರ ತೋರಿಸುವ ಅದರ ಉದ್ದನೆಯ 300 ಎಂಎಂ ಲೆನ್ಸು. ಹಾಲವಾಣವನ್ನೂ ಸೇರಿಸಬೇಕೆಂದಿದ್ದೆ. ನಾನು ಹೋಗುವಷ್ಟರಲ್ಲಿ ಅದರ ಹೂವೆಲ್ಲ ಉದುರಿ ಮುಗಿದಿತ್ತು.

ಫೋಟೊ ಮಾತ್ರ ಬೇಕು ಅನ್ನುವವರು ಸೀದಾ ವಿಕ್ರೋಲಿಗೆ ಹೋಗಿ. ಮುಲುಂಡ್‌ನಿಂದ ಸ್ಲೋ ಲೋಕಲ್‌ನಲ್ಲಿ ನಾಲ್ಕನೇ ಸ್ಟೇಷನ್. ಪೂರ್ವಕ್ಕೆ ಇಳಿದು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮುಟ್ಟಿದರೆ ಸಾಲಾಗಿ ಗುಲಾಬಿ. ಈ ಮರ ನಮ್ಮದಲ್ಲ, ಮಧ್ಯ ಅಮೆರಿಕದ ಕಡೆಯದು. ಎಲ್ ಸಾಲ್ವಡಾರ್ ದೇಶಕ್ಕೆ ಅದು ರಾಷ್ಟ್ರೀಯ ಮರ. ಎಲೆ ಉದುರಿಸಿಕೊಂಡು ಒಂದೇ ಸಲಕ್ಕೆ ಅರಳುವುದರಿಂದ ಎತ್ತ ಫೋನ್ ತಿರುಗಿಸಿದರೂ ಚಿತ್ರ ಕೆಡುವುದಿಲ್ಲ. ನಾನು ಎರಡು ಸಲ ಹೋದೆ. ಮೊದಲ ಸಲ ಹತ್ತು ಗಂಟೆಗೆ ತಲುಪಿದ್ದೆ. ಬಿಸಿಲಿಗೆ ಹೂವಿನ ಬಣ್ಣ ತೊಳೆದುಹೋದ ಹಾಗೆ ಬಂತು. ಎರಡನೇ ಸಲ ಬೆಳಿಗ್ಗೆ ಏಳೂವರೆಗೇ ಅಲ್ಲಿದ್ದೆ. ಓರೆ ಬಿಸಿಲಿಗೆ ಹೂವಿನ ಕೊಳವೆಯೊಳಗಿನ ಹಳದಿ ಕೂಡ ಕಂಡಿತು. ಉದ್ದ ಲೆನ್ಸಿನಲ್ಲಿ ಸಾಲಿನ ಉದ್ದಕ್ಕೂ ನೋಡಿ ತೆಗೆದರೆ ಮರಗಳು ಒಂದಕ್ಕೊಂದು ಒತ್ತಿಕೊಂಡು ಗುಲಾಬಿ ಗೋಡೆಯಾಗುತ್ತವೆ. ನಡುವಿನ ಖಾಲಿ ಜಾಗ, ಹೋರ್ಡಿಂಗು ಎಲ್ಲ ಮಾಯ. ಫೋನಿನ ಅಗಲ ಲೆನ್ಸಿನಲ್ಲಿ ತೆಗೆದರೆ ಅರ್ಧ ಚಿತ್ರ ಡಾಂಬರು.

ಆದರೆ ಅಲ್ಲಿ ನಿಂತು ನೋಡುವ ಸುಖ ಇಲ್ಲ. ಲಾರಿ, ಹಾರ್ನು, ಧೂಳು. ಸೆಲ್ಫಿಗಾಗಿ ಹೈವೇ ಅಂಚಿನವರೆಗೂ ಹಿಂದೆ ಹಿಂದೆ ಹೆಜ್ಜೆ ಇಡುವ ಹುಡುಗರನ್ನು ನೋಡಿದರೆ ನನ್ನ ಎದೆ ಡವಡವ. ನಾನಿದ್ದ ಒಂದು ಗಂಟೆಯಲ್ಲಿ ಜೇನುನೊಣ ಬಿಟ್ಟರೆ ಹೂವಿಗೆ ಯಾರೂ ಬರಲಿಲ್ಲ. ಮದುವೆ ಮಂಟಪದ ಅಲಂಕಾರ ನೋಡಿ ಊಟ ಮಾಡದೆ ಬಂದ ಹಾಗಾಯಿತು.

ಮುತ್ತುಗಕ್ಕೆ ಭಾನುವಾರ ಬೇಕು. ಥಾಣೆಯಿಂದ ಗುಡ್ಡ ಹತ್ತಿ ಯೇವೂರಿಗೆ ಹೋದರೆ ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚು. ಸೊಟ್ಟ ಸೊಟ್ಟ ಮರ, ಕೆಲವು ಕೊಂಬೆ ಕಣ್ಣಿನ ಮಟ್ಟಕ್ಕೇ ಇಳಿದಿರುತ್ತವೆ. ಒಂದೇ ಒಂದು ಹೂವನ್ನು ಹತ್ತಿರದಿಂದ ತೆಗೆಯಲು ಇದಕ್ಕಿಂತ ಒಳ್ಳೆಯ ಮರ ನನಗೆ ಸಿಕ್ಕಿಲ್ಲ. ಕಪ್ಪುಗಂದು ಮಖಮಲ್ಲಿನ ತೊಟ್ಟು, ಅದರಿಂದ ಬಾಗಿದ ಕೇಸರಿ ಕೊಕ್ಕು. ಸಂಸ್ಕೃತದಲ್ಲಿ ಇದಕ್ಕೆ ಕಿಂಶುಕ ಅಂತಾರಲ್ಲ, 'ಇದೇನು ಗಿಳಿಯಾ?' ಅಂತ. ಸರಿಯಾದ ಹೆಸರು.

ಫೋನಿಗೆ ಮಾತ್ರ ಈ ಕೇಸರಿ ಅರ್ಥವಾಗುವುದಿಲ್ಲ. ಎಸಳಿನ ಗೆರೆಯೆಲ್ಲ ಅಳಿಸಿ ಪ್ಲಾಸ್ಟಿಕ್ ಹೂವು ಮಾಡಿಬಿಡುತ್ತದೆ. ಹೂವಿನ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದು ಚಿತ್ರವನ್ನು ಸ್ವಲ್ಪ ಕತ್ತಲು ಮಾಡಿ. ಆಗ ಗೆರೆಗಳು ವಾಪಸ್ ಬರುತ್ತವೆ. ಕೆಂಪು, ಕೇಸರಿ ಹೂವು ಯಾವುದಾದರೂ ಇದೇ ಮದ್ದು.

ಮರಾಠಿಯಲ್ಲಿ ಒಂದು ಗಾದೆ ಇದೆ, 'ಪಳಸಾಲಾ ಪಾನೇ ತೀನಚ್'. ಎಲ್ಲಿಗೆ ಹೋದರೂ ಮುತ್ತುಗಕ್ಕೆ ಮೂರೇ ಎಲೆ ಅಂತ. ಹೂವಿನ ಕಾಲದಲ್ಲಿ ಆ ಮೂರನ್ನೂ ಹುಡುಕಬೇಕು. ಅಜ್ಜಿ ಮನೆಯಲ್ಲಿ ಮುತ್ತುಗದೆಲೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದೇನೆ. ಹೂವನ್ನು ಸರಿಯಾಗಿ ನೋಡಿದ್ದು ಮಾತ್ರ ಮುಂಬೈಗೆ ಬಂದ ಮೇಲೆ.

ಇನ್ನು ನಮ್ಮ ಬೂರುಗ. ವಾಚ್‌ಮನ್ ಅದನ್ನು ಮರಾಠಿಯಲ್ಲಿ ಕಾಟೇಸಾವರ್ ಅನ್ನುತ್ತಾರೆ. ನಾಲ್ಕು ಮಹಡಿಗಿಂತ ಎತ್ತರ. ಫೋಟೊಕ್ಕೆ ಇದರಷ್ಟು ಮೊಂಡು ಮರ ಇನ್ನೊಂದಿಲ್ಲ. ಕೆಳಗಿನಿಂದ ತೆಗೆದರೆ ಬಿಳಿ ಆಕಾಶಕ್ಕೆ ಅಂಟಿಸಿದ ಕಪ್ಪು ಚುಕ್ಕೆಗಳು. ಪೋರ್ಟ್ರೇಟ್ ಮೋಡ್ ಹಾಕಿದರೆ ಹೂವಿನ ನಡುವಿನ ಕೇಸರದ ಗೊಂಚಲನ್ನೇ ಕತ್ತರಿಸಿ ಹಾಕುತ್ತದೆ. ಕೊನೆಗೆ ಸೊಸೈಟಿ ಸೆಕ್ರೆಟರಿಯಿಂದ ಟೆರೇಸ್ ಕೀಲಿ ಕೇಳಿದೆ. "ಹೂವಿನ ಫೋಟೊಕ್ಕಾ?" ಅಂತ ಎರಡು ಸಲ ಕೇಳಿ ಕೊಟ್ಟರು. ಮೇಲಿನಿಂದ ಹೂವು ಚೆನ್ನಾಗಿ ಕಂಡಿತು, ಹಿನ್ನೆಲೆಗೆ ಪಕ್ಕದ ಬಿಲ್ಡಿಂಗಿನ ನೀಲಿ ತಾಡಪತ್ರಿ ಬಂತು.

ಆದರೂ ಈ ಮೂರು ಮರಗಳ ಹಿಂದೆ ಸುತ್ತಿದ ಆರು ವಾರದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಆ ಟೆರೇಸಿನಲ್ಲೇ. ಬೆಳಿಗ್ಗೆ ಏಳಕ್ಕೆ ಆ ಮರ ಉಡುಪಿ ಹೋಟೆಲಿನ ಹಾಗೆ. ಜಾಗಕ್ಕೆ ಜಗಳ, ಗದ್ದಲ, ತಿಂದವರು ಏಳುವ ಮೊದಲೇ ಕಾಯುವವರು. ದಪ್ಪ ಎಸಳಿನ ಆ ಕೆಂಪು ಬಟ್ಟಲಿನಲ್ಲಿ ಮಕರಂದ ಧಾರಾಳ. ಕಾಗೆ, ಮೈನಾ, ಪಿಕಳಾರ, ಅಳಿಲು, ಸೂರಕ್ಕಿ ಎಲ್ಲರೂ ಹಾಜರು. ಒಂದು ದಿನ ಗುಲಾಬಿ ಮೈನಾಗಳ ಹಿಂಡೇ ಇಳಿಯಿತು. ಅವು ಯುರೋಪಿನ ಪೂರ್ವದಿಂದ, ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬರುವ ಹಕ್ಕಿಗಳು. ನೀರಿನ ಟ್ಯಾಂಕಿಗೆ ಮೊಣಕೈ ಊರಿ 300 ಎಂಎಂ ಲೆನ್ಸಿನಲ್ಲಿ ಎಂಬತ್ತು ಚಿತ್ರ ತೆಗೆದೆ. ಎಪ್ಪತ್ತೊಂಬತ್ತು ಡಿಲೀಟ್.

ಕೆಳಗೆ ಕಾರು ನಿಲ್ಲಿಸುವವರಿಗೆ ಈ ಮರ ಕಂಡರೆ ಆಗದು. ಹೂವು ಎಸಳೆಸಳಾಗಿ ಉದುರುವುದಿಲ್ಲ, ಇಡಿಯಾಗಿ ದೊಪ್ಪಂತ ಬೀಳುತ್ತದೆ. ಮೀಟಿಂಗಿನಲ್ಲಿ ಒಬ್ಬರು ಕಡಿಸೋಣ ಅಂದರು. 1975ರ ಕಾನೂನಿದೆ, ಪಾಲಿಕೆಯ ಅನುಮತಿಯಿಲ್ಲದೆ ಮುಟ್ಟುವ ಹಾಗಿಲ್ಲ ಅಂದೆ. ಸದ್ಯಕ್ಕೆ ಸುಮ್ಮನಾಗಿದ್ದಾರೆ.

ಇನ್ನೊಂದು ತಮಾಷೆ. ಬಿಸಿಬೇಳೆಬಾತಿಗೆ ಹಾಕುವ ಮರಾಠಿ ಮೊಗ್ಗು ಈ ಬೂರುಗದ ಬಳಗದ್ದೇ, ಒಣಗಿಸಿದ ಎಳೆ ಮೊಗ್ಗು. ನಮ್ಮ ಗಲ್ಲಿಯ ಮರಾಠಿ ಅಂಗಡಿಯವರಿಗೆ ಅದರ ಹೆಸರೇ ಗೊತ್ತಿಲ್ಲ. ಮರಾಠಿ ಮೊಗ್ಗು ಬೇಕಾದರೆ ನಾನು ಮಾಟುಂಗಾಕ್ಕೆ ಹೋಗಿ ದಕ್ಷಿಣದವರ ಅಂಗಡಿಯಲ್ಲಿ ಕೊಳ್ಳಬೇಕು!

ತಂಗಿಗೆ ಮೂರೂ ಮರದ ಚಿತ್ರ ಕಳಿಸಿದೆ. ವಿಕ್ರೋಲಿಯದಕ್ಕೆ, "ಇದು ನಮ್ಮಲ್ಲೂ ಇದೆ." ಮುತ್ತುಗಕ್ಕೆ ಎರಡು ಹೃದಯ. ಉಳಿದ ಆ ಒಂದು ಚಿತ್ರ, ಸ್ವಲ್ಪ ಅಲುಗಿದ್ದು, ಹೂವಿನೊಳಗೆ ತಲೆ ಹುದುಗಿಸಿದ ಗುಲಾಬಿ ಮೈನಾ, ಹಿಂದೆ ನೀಲಿ ತಾಡಪತ್ರಿ. ಅದನ್ನು ನೋಡಿ ಫೋನೇ ಮಾಡಿದಳು.

"ಅಕ್ಕಾ, ಇದ್ಯಾವ ಮರ?"

"ನಿನ್ನ ಮಸಾಲೆ ಡಬ್ಬ ತೆಗೆದು ನೋಡು" ಅಂದೆ.