ನಿಮ್ ಕಂಪೈಲರ್: ಸಿ ಭಾಷೆಯನ್ನು ಹಾದು ಹೋಗುವ ದಾರಿ

ಟರ್ಮಿನಲ್‌ನಲ್ಲಿ ಓಡುವ ಸಣ್ಣ ಉಪಕರಣಗಳನ್ನು ಬರೆಯಬೇಕಾದವರು ಸಾಮಾನ್ಯವಾಗಿ ಪೈಥಾನ್‌ನಲ್ಲಿ ಶುರುಮಾಡುತ್ತಾರೆ, ವೇಗ ಸಾಲದೆ ಬಂದಾಗ ಸಿ ಅಥವಾ ಸಿ++ ಕಡೆಗೆ ಮುಖಮಾಡುತ್ತಾರೆ. ಈ ಎರಡರ ನಡುವೆ ನಿಲ್ಲುವ ಭಾಷೆಗಳಲ್ಲಿ ನಿಮ್ ಒಂದು. ಆಂಡ್ರಿಯಾಸ್ ರುಂಫ್ ಅವರು ರೂಪಿಸಿದ ಈ ಭಾಷೆ 2008ರಲ್ಲಿ ನಿಮ್‌ರಾಡ್ ಎಂಬ ಹೆಸರಿನಿಂದ ಹೊರಬಂದು, ಮುಂದೆ ಹೆಸರನ್ನು ಮೊಟಕುಮಾಡಿಕೊಂಡು, 2019ರಲ್ಲಿ 1.0 ಆವೃತ್ತಿಯನ್ನೂ 2023ರಲ್ಲಿ 2.0 ಆವೃತ್ತಿಯನ್ನೂ ಕಂಡಿತು. ಭಾಷೆಯ ಸೊಗಸಿನ ಬಗ್ಗೆ ಬರೆಯುವವರು ಹಲವರಿದ್ದಾರೆ. ನಾನು ಇಲ್ಲಿ ಎತ್ತಿಕೊಂಡಿರುವುದು ಅದರ ಕಂಪೈಲರನ್ನು, ಅಂದರೆ ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶವನ್ನು ಮಾತ್ರ. ಏಕೆಂದರೆ ಅದು ಯಂತ್ರಸಂಕೇತವನ್ನು ತಾನೇ ಹೊರಡಿಸುವ ಗೋಜಿಗೆ ಹೋಗುವುದಿಲ್ಲ. ನಿಮ್‌ನಲ್ಲಿ ಬರೆದದ್ದನ್ನೆಲ್ಲ ಸಿ ಭಾಷೆಗೆ ಇಳಿಸಿ, ಉಳಿದ ಕೆಲಸವನ್ನು ಸಿ ಕಂಪೈಲರುಗಳಾದ ಜಿಸಿಸಿಗೋ ಕ್ಲ್ಯಾಂಗ್‌ಗೋ ಒಪ್ಪಿಸಿಬಿಡುತ್ತದೆ.

ಬಳಸುವವರಿಗೆ ಈ ಎರಡು ಹಂತಗಳು ಮೇಲುನೋಟಕ್ಕೆ ಕಾಣುವುದೇ ಇಲ್ಲ. ‘ನಿಮ್ ಸಿ’ ಎಂದು ಬರೆದು ಮುಂದೆ ಕಡತದ ಹೆಸರು ಕೊಟ್ಟರೆ ಕೆಲಸ ಮುಗಿಯಿತು. ಜೊತೆಗೆ ‘-ಆರ್’ ಎಂದು ಸೇರಿಸಿದರೆ ಕಂಪೈಲ್ ಆದ ಕೂಡಲೇ ಪ್ರೋಗ್ರಾಮ್ ಓಡಿಯೂ ಬಿಡುತ್ತದೆ. ಎಷ್ಟು ಸಾಲುಗಳನ್ನು ಓದಲಾಯಿತು, ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ಮೆಮೊರಿ ಬಳಕೆಯಾಯಿತು ಎಂಬುದನ್ನೆಲ್ಲ ಕೊನೆಯ ಸಾಲಿನಲ್ಲಿ ವರದಿ ಮಾಡುವ ಅಚ್ಚುಕಟ್ಟುತನ ನನಗೆ ಹಿಡಿಸಿತು. ಕಂಪೈಲ್ ಆದದ್ದು ತಪ್ಪು ಹುಡುಕಲು ನೆರವಾಗುವ, ನಿಧಾನವಾದ ಡಿಬಗ್ ರೂಪವಾಗಿದ್ದರೆ, ವೇಗ ಬೇಕಿದ್ದರೆ ರಿಲೀಸ್ ಆಯ್ಕೆಯನ್ನು ಕೊಡಿ ಎಂದು ಅದೇ ವರದಿ ನೆನಪಿಸುತ್ತದೆ. ತಮ್ಮ ಪ್ರೋಗ್ರಾಮಿನ ವೇಗವನ್ನು ಅಳೆದು ನಿರಾಶರಾಗುವ ಹೊಸಬರಲ್ಲಿ ಹೆಚ್ಚಿನವರು ಈ ಸೂಚನೆಯನ್ನು ಓದಿರುವುದಿಲ್ಲ ಎಂಬುದು ನನ್ನ ಗುಮಾನಿ.

ಹುಟ್ಟಿದ ಸಿ ಕಡತಗಳು ನಮ್ಮ ಕೆಲಸದ ಫೋಲ್ಡರಿನಲ್ಲಿ ರಾಶಿಬೀಳುವುದಿಲ್ಲ. ಲಿನಕ್ಸ್‌ನಲ್ಲಾದರೆ ಬಳಕೆದಾರರ ಕ್ಯಾಶ್ ಫೋಲ್ಡರಿನೊಳಗೆ, ಡಿಬಗ್ ರೂಪಕ್ಕೊಂದು ರಿಲೀಸ್ ರೂಪಕ್ಕೊಂದು ಎಂದು ಬೇರೆಬೇರೆ ಜಾಗದಲ್ಲಿ ಸೇರಿಕೊಳ್ಳುತ್ತವೆ. ಈ ಕಂಪೈಲರನ್ನು ಅರ್ಥಮಾಡಿಕೊಳ್ಳಬೇಕೆಂದರೆ ಅವುಗಳನ್ನು ಒಮ್ಮೆಯಾದರೂ ತೆರೆದು ನೋಡಬೇಕು. ಕನ್ನಡ ಪಠ್ಯದಲ್ಲಿನ ಪದಗಳನ್ನು ಎಣಿಸುವ ಪುಟ್ಟ ಉಪಕರಣವೊಂದನ್ನು ಬರೆದಾಗ ಅದರ ಸಿ ರೂಪವನ್ನು ನಾನು ಓದಿದೆ. ಇಪ್ಪತ್ತು ಸಾಲಿಗೂ ಕಡಿಮೆಯಿದ್ದ ಒಂದು ಪ್ರೊಸೀಜರ್ (ಫಂಕ್ಷನ್ನಿಗೆ ನಿಮ್‌ನಲ್ಲಿರುವ ಹೆಸರು) ಹಲವು ಪಟ್ಟು ಬೆಳೆದಿತ್ತು. ಡಿಬಗ್ ರೂಪದಲ್ಲಿ ಪ್ರತಿ ಹೇಳಿಕೆಯ ಮೊದಲು ಅದು ಮೂಲದ ಎಷ್ಟನೆಯ ಸಾಲು ಎಂದು ಬರೆದಿಡುವ ಒಂದು ಮ್ಯಾಕ್ರೋ ಇರುತ್ತದೆ. ಎರಡು ಪೂರ್ಣಾಂಕಗಳನ್ನು ಕೂಡುವಲ್ಲಿ ಬರಿಯ ಕೂಡುವ ಚಿಹ್ನೆಯ ಬದಲು, ಮೊತ್ತ ಮಿತಿಮೀರಿತೇ ಎಂದು ಪರೀಕ್ಷಿಸಿ, ಮೀರಿದ್ದರೆ ದೋಷವನ್ನು ಎತ್ತಿ, ಫಂಕ್ಷನ್ನಿನ ಕೊನೆಗೆ ‘ಗೋಟು’ ಮೂಲಕ ಜಿಗಿಯುವ ಪುಟ್ಟ ತುಣುಕು ಇರುತ್ತದೆ. ದೋಷ ಎತ್ತಬಹುದಾದ ಕರೆಗಳ ಬೆನ್ನಿಗೇ ದೋಷದ ಬಾವುಟವನ್ನು ನೋಡುವ ಸಾಲೊಂದು ಬರುತ್ತದೆ, 2.0 ಆವೃತ್ತಿಯಲ್ಲಿ ಎಕ್ಸೆಪ್ಶನ್‌ಗಳು ನಡೆಯುವುದೇ ಹೀಗೆ.

ಕನ್ನಡದ ಅಕ್ಷರಗಳಿಗೆ ಒದಗುವ ಗತಿ ಇನ್ನೂ ಸ್ವಾರಸ್ಯಕರ. ನಿಮ್ ಕಡತದಲ್ಲಿ ಉದ್ಧರಣ ಚಿಹ್ನೆಗಳ ನಡುವೆ ‘ಕನ್ನಡ’ ಎಂದು ನೆಮ್ಮದಿಯಾಗಿ ಬರೆಯಬಹುದು. ಆದರೆ ಸಿ ಕಡತದಲ್ಲಿ ಹುಡುಕಿದರೆ ಆ ಪದ ಸಿಗುವುದಿಲ್ಲ. ‘ಕ’ ಇರಬೇಕಾದಲ್ಲಿ 340, 262, 225 ಎಂಬ ಮೂರು ಅಷ್ಟಮಾನ ಸಂಖ್ಯೆಗಳು ಹಿಂಬದಿಯ ಓರೆಗೆರೆಯೊಂದಿಗೆ ಕುಳಿತಿರುತ್ತವೆ. ಆಸ್ಕಿಗೆ ಹೊರತಾದ ಎಲ್ಲ ಬೈಟ್‌ಗಳನ್ನೂ ಹೀಗೆ ಬರೆಯುವುದರಿಂದ, ಮುಂದಿನ ಸಿ ಕಂಪೈಲರ್ ಯಾವ ಎನ್‌ಕೋಡಿಂಗನ್ನು ನಂಬಿಕೊಂಡಿದ್ದರೂ ಪಠ್ಯ ಕೆಡುವುದಿಲ್ಲ. ಇದು ಜಾಣ ನಿರ್ಧಾರ. ಇದೇ ಪದದ ಉದ್ದವನ್ನು ‘ಲೆನ್’ ಬಳಸಿ ಕೇಳಿದರೆ ಬೈಟುಗಳ ಲೆಕ್ಕದಲ್ಲಿ 15 ಎಂದೂ, ಯೂನಿಕೋಡ್ ಮಾಡ್ಯೂಲಿನ ‘ರೂನ್‌ಲೆನ್’ ಬಳಸಿ ಕೇಳಿದರೆ ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ 5 ಎಂದೂ ಉತ್ತರ ಬರುತ್ತದೆ. ಓದುವ ಕಣ್ಣಿಗೆ ಕಾಣುವ ಮೂರು ಅಕ್ಷರಗಳ ಲೆಕ್ಕವನ್ನು ಇವೆರಡೂ ಕೊಡುವುದಿಲ್ಲ. ಪದಗಳ ಎಣಿಕೆಗೆ ಇದು ಅಡ್ಡಿಯಲ್ಲ, ಅಕ್ಷರಗಳ ಎಣಿಕೆಗೆ ಹೊರಟವರು ಎಚ್ಚರವಹಿಸಬೇಕು.

ಇಂಥ ಸಿ ಕೋಡನ್ನು ಕೈಯಿಂದ ತಿದ್ದಿ ಸಾಕುತ್ತೇನೆ ಎನ್ನುವವರಿಗೆ ಈ ಕಂಪೈಲರ್ ಹೇಳಿಮಾಡಿಸಿದ್ದಲ್ಲ. ಹೆಸರುಗಳ ಹಿಂದೆ ಅಂಟಿಕೊಳ್ಳುವ ಬಾಲಗಳು, ತಾತ್ಕಾಲಿಕ ವೇರಿಯಬಲ್‌ಗಳ ಜಾತ್ರೆ, ಮಾಯವಾದ ಕಾಮೆಂಟುಗಳು ಎಲ್ಲವೂ ಅದನ್ನು ಯಾರೂ ಕೈಯಿಂದ ತಿದ್ದದ ಆಬ್ಜೆಕ್ಟ್ ಕಡತದಂತೆಯೇ ಕಾಣಬೇಕೆಂದು ಹೇಳುತ್ತವೆ. ಲಿನಕ್ಸ್ ಡೆಸ್ಕ್‌ಟಾಪ್ ಆದ ಗ್ನೋಮ್ ಬಳಗದ ವಾಲಾ ಭಾಷೆಯ ಕಂಪೈಲರ್ ಕೂಡ ಸಿ ಹೊರಡಿಸುತ್ತದೆ. ಅದರ ಸಿ ಕೋಡು ಗ್ನೋಮ್ ಲೈಬ್ರರಿಗಳ ಜಿ-ಆಬ್ಜೆಕ್ಟ್ ರೂಢಿಗೆ ಹೊಂದಿಕೊಂಡಿರುವುದರಿಂದ ತುಸು ಹೆಚ್ಚು ಓದಬಲ್ಲಂತಿರುತ್ತದೆ. ಆದರೆ ಆ ಲೈಬ್ರರಿಗಳ ಹೊರಗೆ ವಾಲಾಗೆ ಅಷ್ಟು ನೆಲೆಯಿಲ್ಲ.

ಸಿ ಮೂಲಕ ಹೋಗುವುದರ ನಿಜವಾದ ಲಾಭ ಕಾಣುವುದು ಬೇರೆ ಯಂತ್ರಕ್ಕೆ ಪ್ರೋಗ್ರಾಮನ್ನು ಒಯ್ಯುವಾಗ. ಆಪರೇಟಿಂಗ್ ಸಿಸ್ಟಮ್ ಯಾವುದು, ಸಿಪಿಯು ಯಾವುದು ಎಂದು ಎರಡು ಆಯ್ಕೆಗಳಲ್ಲಿ ತಿಳಿಸಿ, ಸಿ ಹೊರಡಿಸಿ ಅಲ್ಲಿಗೇ ನಿಲ್ಲಿಸು ಎಂದರೆ, ಕಡತಗಳ ಜೊತೆಗೆ ಅವನ್ನು ಕಂಪೈಲ್ ಮಾಡುವ ಸ್ಕ್ರಿಪ್ಟನ್ನೂ ಅದು ಬರೆದುಕೊಡಬಲ್ಲದು. ನಿಮ್‌ಬೇಸ್ ಎಂಬ ಹೆಡರ್ (ಘೋಷಣೆಗಳ ಕಡತ) ಜೊತೆಗಿದ್ದರೆ, ನಿಮ್ ಇಲ್ಲದ ಯಂತ್ರದಲ್ಲೂ ಕೇವಲ ಸಿ ಕಂಪೈಲರ್ ಸಾಕು. ನಿಮ್ ಕಂಪೈಲರ್ ನಿಮ್‌ನಲ್ಲೇ ಬರೆದದ್ದು. ಹಾಗಿದ್ದೂ ಹೊಸ ಯಂತ್ರದಲ್ಲಿ ಅದನ್ನು ಕಟ್ಟಲು ಸಾಧ್ಯವಾಗುವುದು ಇದೇ ಉಪಾಯದಿಂದ. ಮೊದಲೇ ಸಿ ಭಾಷೆಗೆ ಇಳಿಸಿಟ್ಟ ಒಂದು ಪ್ರತಿಯನ್ನು ಕಂಪೈಲ್ ಮಾಡಿ, ಅದರಿಂದ ಇಂದಿನ ಆವೃತ್ತಿಯನ್ನು ಕಟ್ಟುತ್ತಾರೆ.

ಸಿ ಲೈಬ್ರರಿಗಳ ಬಳಕೆಯೂ ಹಾಗೆಯೇ ಸಲೀಸು. ‘ಇಂಪೋರ್ಟ್‌ಸಿ’ ಎಂಬ ಪ್ರಾಗ್ಮಾ (ಕಂಪೈಲರಿಗೆ ಕೊಡುವ ಸೂಚನೆ) ಹಾಕಿ, ಹೆಡರಿನ ಹೆಸರು ಕೊಟ್ಟರೆ ಸಿ ಫಂಕ್ಷನ್ನು ನೇರವಾಗಿ ಕೈಗೆ ಬರುತ್ತದೆ. ನಡುವೆ ಯಾವ ಸೇತುವೆಯನ್ನೂ ಕಟ್ಟಬೇಕಿಲ್ಲ. ಆದರೆ ಎರಡು ಹಂತಗಳ ನಡುವಿನ ಪರದೆ ಹರಿಯುವುದೂ ಇಲ್ಲಿಯೇ. ಘೋಷಣೆಯಲ್ಲಿ ಕೊಟ್ಟ ಟೈಪು ಹೆಡರಿನಲ್ಲಿರುವುದಕ್ಕೆ ತಾಳೆಯಾಗದಿದ್ದರೆ ನಿಮ್ ಅದನ್ನು ಕಂಡುಹಿಡಿಯುವುದಿಲ್ಲ, ನಾವು ಹೇಳಿದ್ದನ್ನು ನಂಬುತ್ತದೆ. ಆಗ ತಕರಾರು ತೆಗೆಯುವುದು ಜಿಸಿಸಿ, ಅದೂ ನಾವು ಬರೆಯದ ಕಡತದ ಯಾವುದೋ ಸಾಲನ್ನು ತೋರಿಸಿ. ನಿಮ್ ತಾನೇ ಕೊಡುವ ದೋಷಸಂದೇಶಗಳು ಸಾಮಾನ್ಯವಾಗಿ ಸ್ಪಷ್ಟವಾಗಿವೆ. ಟೈಪು ಹೊಂದದಾಗ ಅದೇ ಹೆಸರಿನ ಎಲ್ಲ ಪ್ರೊಸೀಜರ್‌ಗಳನ್ನೂ ಸಾಲಾಗಿ ಸುರಿಯುವ ಅಭ್ಯಾಸವೊಂದು ಮಾತ್ರ ತಾಳ್ಮೆ ಕೆಡಿಸುತ್ತದೆ. ಸಿ ಅರಿಯದವರು ಶುದ್ಧ ನಿಮ್ ಲೈಬ್ರರಿಗಳ ಒಳಗೇ ಇರುವುದು ಕ್ಷೇಮ. ಡಿಬಗರ್ ವಿಷಯದಲ್ಲೂ ಇದೇ ಮಾತು. ನೇಟಿವ್ ಡಿಬಗರ್ ಆಯ್ಕೆಯನ್ನು ಕೊಟ್ಟರೆ ಜಿಡಿಬಿ ಎಂಬ ಡಿಬಗರ್ ನಿಮ್ ಕಡತದ ಸಾಲುಗಳಲ್ಲೇ ಹೆಜ್ಜೆಯಿಡುತ್ತದೆ, ಆದರೆ ವೇರಿಯಬಲ್‌ಗಳ ಹೆಸರನ್ನು ಕೇಳಿದಾಗ ಸಿ ರೂಪ ಇಣುಕುತ್ತದೆ.

ಮೆಮೊರಿ ನಿರ್ವಹಣೆಗೆ 2.0 ಆವೃತ್ತಿಯಿಂದ ಓಆರ್‌ಸಿ ಎಂಬ ವಿಧಾನ ತಾನಾಗಿಯೇ ಜಾರಿಯಲ್ಲಿರುತ್ತದೆ: ಉಲ್ಲೇಖಗಳ ಎಣಿಕೆ, ಜೊತೆಗೆ ಸುತ್ತುಬಿದ್ದ ಉಲ್ಲೇಖಗಳನ್ನು ಬಿಡಿಸುವ ವ್ಯವಸ್ಥೆ. ಮೆಮೊರಿ ಪಡೆಯಲು ಸಿ ಲೋಕದ ಮಾಲಾಕ್ ಬಳಸು ಎಂದು ಹೇಳಿದರೆ ಮೆಮೊರಿಯ ತಪ್ಪುಗಳನ್ನು ಹುಡುಕುವ ವಾಲ್‌ಗ್ರೈಂಡ್ ನೇರವಾಗಿ ಕೆಲಸಕ್ಕೆ ಬರುತ್ತದೆ. ಹಳೆಯ ಸಿ ಉಪಕರಣಗಳ ಪೆಟ್ಟಿಗೆ ಹೀಗೆ ಇಡಿಯಾಗಿ ನಮ್ಮದಾಗುವುದನ್ನು ನಾನು ವೇಗಕ್ಕಿಂತ ದೊಡ್ಡ ಅನುಕೂಲವೆಂದು ಎಣಿಸುತ್ತೇನೆ.

ಒಂದೆರಡು ಕೊರತೆಗಳಿವೆ. ಬದಲಾಗದ ಸಿ ಕಡತಗಳನ್ನು ಮತ್ತೆ ಕಂಪೈಲ್ ಮಾಡದಿದ್ದರೂ, ನಿಮ್ ಭಾಗ ಪ್ರತಿ ಸಲವೂ ಎಲ್ಲ ಮಾಡ್ಯೂಲ್‌ಗಳನ್ನು ಮೊದಲಿನಿಂದ ಓದುತ್ತದೆ. ದೊಡ್ಡ ಯೋಜನೆಗಳಲ್ಲಿ ಇದು ಅನುಭವಕ್ಕೆ ಬರುತ್ತದೆ. ವಿಂಡೋಸ್‌ನಲ್ಲಿ ಸಿ ಕಂಪೈಲರನ್ನು ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕು, ಸಾಮಾನ್ಯವಾಗಿ ಜಿಸಿಸಿಯ ವಿಂಡೋಸ್ ರೂಪವಾದ ಮಿಂಗ್‌ಡಬ್ಲ್ಯೂ. ಕೆಲವು ಆಂಟಿವೈರಸ್‌ಗಳು ನಿಮ್‌ನಿಂದ ಹುಟ್ಟಿದ ನಿರಪರಾಧಿ ಪ್ರೋಗ್ರಾಮುಗಳನ್ನೂ ಶಂಕಿಸುವುದುಂಟು. ದುರುದ್ದೇಶದ ತಂತ್ರಾಂಶ ಬರೆಯುವವರೂ ಈ ಭಾಷೆಯನ್ನು ಬಳಸಿದ್ದರ ಫಲ ಅದು. ತಮ್ಮ ಉಪಕರಣವನ್ನು ಗ್ರಾಹಕರಿಗೆ ಹಂಚಬೇಕಾದವರು ಇದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ವೇಗದ ಆಸೆಗೆ ‘ಡೇಂಜರ್’ ಎಂಬ ಆಯ್ಕೆಯನ್ನು ಮುಟ್ಟುವ ಅಗತ್ಯ ಬಹುತೇಕರಿಗಿಲ್ಲ. ರಿಲೀಸ್ ರೂಪದಲ್ಲೇ ಸಿ ಕಂಪೈಲರ್‌ನ ಆಪ್ಟಿಮೈಸೇಶನ್ ಪೂರ್ತಿ ದಕ್ಕುತ್ತದೆ, ಅರೇಯ ಗಡಿ ಮೀರಿದರೆ ತಡೆಯುವ ಪರೀಕ್ಷೆಗಳೂ ಉಳಿದಿರುತ್ತವೆ; ಡೇಂಜರ್ ಆ ಪರೀಕ್ಷೆಗಳನ್ನು ಕಿತ್ತುಹಾಕಿ, ತಪ್ಪುಗಳ ಮಟ್ಟಿಗೆ ನಮ್ಮನ್ನು ಮರಳಿ ಸಿ ಭಾಷೆಗೇ ತಂದುಬಿಡುತ್ತದೆ.