ಏಳು ವರ್ಷ, ಎರಡು ಆಪಲ್ ವಾಚು, ಒಂದೇ ಕರಿ ಬೆಲ್ಟು

2018ರಲ್ಲಿ ಆಪಲ್ ವಾಚ್ ಸೀರೀಸ್ 3 ತೆಗೆದುಕೊಂಡೆ, 42 ಎಂಎಂ. ಅದರ ಜೊತೆ ಬಂದ ಕರಿ ಸ್ಪೋರ್ಟ್ ಬೆಲ್ಟು ಏಳು ವರ್ಷ ಕಳೆದರೂ ನನ್ನ ಕೈಯಲ್ಲೇ ಇದೆ. ವಾಚು ಮಾತ್ರ ಬದಲಾಗಿ ಸೀರೀಸ್ 8 ಆಗಿದೆ, 45 ಎಂಎಂ. ಹೊಸದು ಬಂದ ದಿನ ಹಳೇ ಬೆಲ್ಟು ಕೂರುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಬದಿಯಿಂದ ತಳ್ಳಿ ನೋಡಿದ್ದೆ. ನಯವಾಗಿ ಜಾರಿಕೊಂಡು ಹೋಗಿ ನಡುವಿಗೆ ಬಂದದ್ದೇ ಟಕ್ ಎಂದು ಕೂತಿತು. ಎಳೆದರೂ ಅಲುಗಲಿಲ್ಲ. ಇಷ್ಟು ದುಡ್ಡು ಕೊಟ್ಟ ವಸ್ತುವಿನಲ್ಲಿ ಹಳೆಯದನ್ನು ಎಸೆಯಬೇಕಿಲ್ಲ ಎನ್ನುವುದು ನನಗೆ ನಿಜಕ್ಕೂ ದೊಡ್ಡ ಸಮಾಧಾನ.

ಅಂದರೆ ಡಯಲಿನ ಅಳತೆ ಒಂದೇ ಇರಬೇಕಾಗಿಲ್ಲ, ಬಳಗ ಒಂದೇ ಇದ್ದರೆ ಸಾಕು. 38, 40, 41 ಚಿಕ್ಕ ಬಳಗ. ಹಳೇ 42, 44, 45, ಅಲ್ಟ್ರಾ ಮಾದರಿಯ 49 ದೊಡ್ಡ ಬಳಗ. ಒಂದೇ ಬಳಗದೊಳಗೆ ಯಾವ ಬೆಲ್ಟನ್ನು ಯಾವುದಕ್ಕಾದರೂ ಹಾಕಬಹುದು. ಹಿಗ್ಗಿಸಿ ಕೈಗೆ ತೂರಿಸುವ ಸೋಲೋ ಲೂಪ್ ಬೆಲ್ಟು ಒಂದನ್ನು ಮಾತ್ರ ಹೊರಗಿಡಿ: ಅದು ಸೀರೀಸ್ 4ರಿಂದ ಈಚಿನವಕ್ಕೆ ಮಾತ್ರ. ಬಕಲ್ ಇಲ್ಲದ್ದರಿಂದ ಅದನ್ನು ಮಣಿಕಟ್ಟಿನ ಅಳತೆ ನೋಡಿಯೇ ಕೊಳ್ಳಬೇಕು, ಮನೆಯವರೆಲ್ಲ ಹಂಚಿಕೊಳ್ಳಲು ಆಗುವುದಿಲ್ಲ.

ಎಡವಟ್ಟು ಇರುವುದು 42ರಲ್ಲಿ. 2024ರ ಸೀರೀಸ್ 10ರಲ್ಲಿ ಅಳತೆ 42 ಮತ್ತು 46 ಆಯಿತು. 46 ದೊಡ್ಡ ಬಳಗಕ್ಕೆ ಸೇರಿತು, ಹೊಸ 42 ಮಾತ್ರ ಚಿಕ್ಕದಕ್ಕೆ! ಉಡುಪಿಯಲ್ಲಿರುವ ತಂಗಿ ಅದನ್ನೇ ತೆಗೆದುಕೊಂಡಳು. ನನ್ನ ಹತ್ತಿರ ಸೀರೀಸ್ 3ರ ಕಾಲದ ಒಂದು ನೀಲಿ ಸ್ಪೋರ್ಟ್ ಲೂಪು (ನೇಯ್ದ ಬೆಲ್ಟು) ಬಳಸದೇ ಬಿದ್ದಿತ್ತು. 42 ಅಂದರೆ 42 ತಾನೇ ಎಂದುಕೊಂಡು ಕೊಟ್ಟು ಕಳಿಸಿದೆ. ಸಂಜೆ ಫೋನು ಬಂತು: "ಅಣ್ಣ, ಇದು ಒಳಗೆ ಹೋಗುದೇ ಇಲ್ಲ. ಎರಡೂ ಬದಿಯಲ್ಲಿ ಹೊರಗೆ ನಿಲ್ತದೆ."

ಮುಂದಿನ ವಾರ ಹೋದಾಗ ನನ್ನ ಹಳೇ ಸೀರೀಸ್ 3 ಮತ್ತು ಅವಳ ವಾಚನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಎತ್ತರದಲ್ಲಿ ಹೆಚ್ಚುಕಮ್ಮಿ ಒಂದೇ, ಅಗಲ ಎರಡಕ್ಕೂ ಸುಮಾರು 36 ಎಂಎಂ. ಅವಳದ್ದು ತೆಳು, ಅಷ್ಟೇ. ತಿರುಗಿಸಿ ಬೆಲ್ಟು ಕೂರುವ ಸೀಳು ನೋಡಿದಾಗ ಕಣ್ಣಿಗೇ ಗೊತ್ತಾಯಿತು, ಅವಳದ್ದು ಕಿರಿದು. ಡಯಲನ್ನು ನೋಡಿ ಬೆಲ್ಟು ಆರಿಸಿದರೆ ಯಾರಾದರೂ ಮೋಸಹೋಗುವ ಜಾಗ ಇದು. ಆಮೇಲೆ ಅವಳು ಆನ್‌ಲೈನಿನಲ್ಲಿ ತರಿಸಿದ ಬೆಲ್ಟಿನದ್ದೂ ಅದೇ ಕಥೆ. ಮಾರುವವರು "42 ಎಂಎಂ" ಎಂದಷ್ಟೇ ಬರೆದಿದ್ದರು, ಯಾವ 42 ಎಂದು ಹೇಳಿರಲಿಲ್ಲ. ಅದನ್ನು ವಾಪಸು ಕಳಿಸಿ 41ರ ಬೆಲ್ಟು ತರಿಸಿದಳು, ಸರಿಯಾಗಿ ಕೂತಿತು. ಹಾಗಾಗಿ ಸೀರೀಸ್ 10 ಅಥವಾ 11ರ 42 ಇರುವವರು ಪಟ್ಟಿಯಲ್ಲಿ 38, 40, 41 ಜೊತೆಗಿದೆಯೇ ನೋಡಿ. 44, 45 ಜೊತೆ 42 ಎಂದು ಬರೆದಿದ್ದರೆ ಅದು ನಿಮ್ಮದಲ್ಲ.

ಅವಳ 41ರ ಬೆಲ್ಟನ್ನು ನನ್ನ 45ಕ್ಕೂ ಹಾಕಿ ನೋಡಿದೆ. ಒಳಗೇನೋ ಹೋಗುತ್ತದೆ, ಆದರೆ ಬದಿಯಲ್ಲಿ ಸಂದು ಉಳಿಯುತ್ತದೆ. ಅದನ್ನು ಕಟ್ಟಿಕೊಂಡು ಹೊರಗೆ ಹೋಗುವ ಧೈರ್ಯ ನಾನು ಮಾಡಲಿಲ್ಲ.

ಧೈರ್ಯ ಮಾಡದಿರಲು ಕಾರಣವಿದೆ. ಮೂರು ವರ್ಷದ ಹಿಂದೆ ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಸ್ಟೀಲ್ ಬೆಲ್ಟು ತಂದಿದ್ದೆ. ವಾಚಿಗೆ ಸಿಕ್ಕುವ ತುದಿ ಬೇರೆ, ಚೈನು ಬೇರೆ, ನಡುವೆ ಒಂದು ಸಣ್ಣ ಪಿನ್ನು. ಮಂಗಳೂರಿನ ಕಂಕನಾಡಿಯ ಹತ್ತಿರ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ಆ ಪಿನ್ನು ಕಳಚಿ ವಾಚು ಕಾಲ ಬಳಿಗೆ ಬಿತ್ತು. ಅಲ್ಲಿಂದ ರಸ್ತೆಗೆ ಬೀಳಲಿಲ್ಲ ಎನ್ನುವುದೇ ಪುಣ್ಯ. ಬೇರೆ ಕಂಪನಿಯ ಬೆಲ್ಟು ಕೊಳ್ಳುವುದು ತಪ್ಪಲ್ಲ, ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ನಂಬಬೇಡಿ. ಹಾಕಿದ ಮೇಲೆ ಎರಡೂ ತುದಿ ಹಿಡಿದು ಚೆನ್ನಾಗಿ ಎಳೆದು ನೋಡಿ.

ಬಾಳಿಕೆಯ ಬಗ್ಗೆ: ಮಂಗಳೂರಿನ ಸೆಕೆಗೆ ಚರ್ಮದ ಬೆಲ್ಟು ಹೇಳಿಸಿದ್ದಲ್ಲ. ಒಂದೇ ಮಳೆಗಾಲಕ್ಕೆ ಕಪಾಟಿನಲ್ಲಿಟ್ಟ ನನ್ನದಕ್ಕೆ ಬೂಸ್ಟು ಬಂತು. ಕರಿ ಸ್ಪೋರ್ಟ್ ಬೆಲ್ಟನ್ನು ದಿನಾ ಸ್ನಾನದ ಹೊತ್ತಿಗೆ ತೊಳೆದು ಒರೆಸಿದರೆ ಮುಗಿಯಿತು. ತೂತಿನ ಸುತ್ತ ಸ್ವಲ್ಪ ಹೊಳಪು ಬಂದಿದೆ, ಬಿರುಕು ಎಲ್ಲಿಯೂ ಇಲ್ಲ.

ಭಾವನ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 4ರದ್ದು ಈ ತಲೆಬಿಸಿಯೇ ಇಲ್ಲ. 40 ಆಗಲಿ 44 ಆಗಲಿ, ಎರಡಕ್ಕೂ 20 ಎಂಎಂ ಬೆಲ್ಟು. ಸಾಧಾರಣ ವಾಚಿನ ಅಂಗಡಿಯಲ್ಲೂ ಸಿಗುತ್ತದೆ.

ತಂಗಿಗೆ ಆಗದ ಆ ನೀಲಿ ಲೂಪು ನನ್ನ ಹತ್ತಿರವೇ ವಾಪಸು ಬಂತು. ರಾತ್ರಿ ಮಲಗುವಾಗ ಈಗ ಅದನ್ನೇ ಹಾಕುತ್ತೇನೆ, ಕೈಗೆ ಬಟ್ಟೆಯ ಹಾಗೆ ಮೆತ್ತಗಿರುತ್ತದೆ.